ರೋವರ್–ರೇಂಜರ್‌ಗಳಿಗೆ ಕೆಲಸ ಕೊಡಿ, ಕಾರುಬಾರನ್ನೂ ಕೊಡಿ

ರೋವರ್ ಸ್ಕೌಟ್ ವಿಭಾಗವನ್ನು ಹುಟ್ಟುಹಾಕಿದ ಬ್ರಿಟನ್ 1967ರಲ್ಲಿ ತಾನೇ ಅದನ್ನು ಮುಚ್ಚಿತು. ನಾವು ಮುಚ್ಚಲಿಲ್ಲ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಹದಿನಾರರ ಆಸುಪಾಸಿನಿಂದ ಇಪ್ಪತ್ತೈದರವರೆಗಿನ ಹುಡುಗರಿಗೆ ರೋವರ್, ಹುಡುಗಿಯರಿಗೆ ರೇಂಜರ್ ವಿಭಾಗ ಇವತ್ತಿಗೂ ಇದೆ. ಆದರೆ ನಮ್ಮ ಎಷ್ಟೋ ಪದವಿಪೂರ್ವ ಕಾಲೇಜುಗಳಲ್ಲಿ ಅದರ ಸ್ಥಿತಿ ನೋಡಿ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ವಾರ್ಷಿಕೋತ್ಸವಕ್ಕೆ ಸಮವಸ್ತ್ರ ಇಸ್ತ್ರಿಯಾಗುತ್ತದೆ. ಮಕ್ಕಳು ಎರಡು ಸಾಲಾಗಿ ನಿಂತು ಅತಿಥಿಗಳನ್ನು ವೇದಿಕೆಗೆ ಕರೆದೊಯ್ಯುತ್ತಾರೆ, ಹಾರ–ಶಾಲಿನ ತಟ್ಟೆ ಹಿಡಿಯುತ್ತಾರೆ, ನೀರಿನ ಬಾಟಲಿ ಇಡುತ್ತಾರೆ. ಸಂಜೆ ಸ್ಕಾರ್ಫ್ ಮಡಚಿಟ್ಟರೆ ಮತ್ತೆ ಹೊರಗೆ ಬರುವುದು ಮುಂದಿನ ಸಮಾರಂಭಕ್ಕೆ. ಹದಿನೇಳು ವರ್ಷದ ಮಕ್ಕಳನ್ನು ಹೀಗೆ ಬಳಸಿಕೊಳ್ಳುವುದು ಅನ್ಯಾಯ ಎಂದು ನನಗೆ ಎಷ್ಟೋ ವರ್ಷಗಳಿಂದ ಅನ್ನಿಸುತ್ತಿದೆ. ಅದನ್ನು ಈಗ ಬಾಯಿಬಿಟ್ಟು ಹೇಳಬೇಕು.

ನಾನು ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ರೇಂಜರ್ ತಂಡದ ಉಸ್ತುವಾರಿ ನನ್ನದಾಗಿತ್ತು. ರೋವರ್ ಹುಡುಗರನ್ನು ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಇತಿಹಾಸದ ಮೇಷ್ಟರಿಗೆ ಇರುವ ಅಭ್ಯಾಸದಂತೆ, ಮಕ್ಕಳ ಜೊತೆ ಇದ್ದಷ್ಟೂ ಕಾಲ ಈ ವಿಭಾಗದ ಹುಟ್ಟು–ಬೆಳವಣಿಗೆಯನ್ನೂ ಓದುತ್ತ ಬಂದೆ. ಓದಿದ್ದರಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದ ಸಂಗತಿ ಒಂದೇ: ದೊಡ್ಡ ಮಕ್ಕಳ ಕೈಗೆ ನಿಜವಾದ ಕೆಲಸವನ್ನೂ ಅದರ ಯಜಮಾನಿಕೆಯನ್ನೂ ಕೊಟ್ಟ ಕಡೆ ಈ ವಿಭಾಗ ಗಟ್ಟಿಯಾಗಿ ನಿಂತಿದೆ. ದೊಡ್ಡವರು ಲಗಾಮು ಬಿಡದೆ ಹಿಡಿದ ಕಡೆ ಸೊರಗಿದೆ.

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಸೇರಿಸಿ ಶಿಬಿರ ನಡೆಸಿದಾಗ ಅವರ ತಲೆಯಲ್ಲಿದ್ದದ್ದು ಸಣ್ಣ ಹುಡುಗರು. 1908ರಲ್ಲಿ ಬಂದ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕವೂ ಅವರಿಗಾಗಿಯೇ. ಆದರೆ ಹುಡುಗರು ಬೆಳೆಯುತ್ತಾರಲ್ಲ? 1908ರಲ್ಲಿ ಹನ್ನೆರಡಾಗಿದ್ದವನಿಗೆ 1914ರಲ್ಲಿ ಹದಿನೆಂಟು. ಅಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಸ್ಕೌಟ್ ಮಾಸ್ಟರುಗಳು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೊರಟುಹೋದರು. ಊರೂರಿನ ದಳಗಳನ್ನು ನಡೆಸಿದವರು ಹದಿನೈದು, ಹದಿನಾರು ವಯಸ್ಸಿನ, ತುಕಡಿ ನಾಯಕರಾದ ಪೆಟ್ರೋಲ್ ಲೀಡರ್ ಹುಡುಗರು. ಬ್ರಿಟನ್ನಿನ ಕಡಲತೀರದಲ್ಲಿ ಹಗಲೂ ರಾತ್ರಿ ಕಾವಲು ಕೂತು ಹಡಗುಗಳ ಮೇಲೆ ಕಣ್ಣಿಟ್ಟದ್ದೂ ಇವರೇ. ತುಕಡಿಯ ಆಡಳಿತವನ್ನು ಹುಡುಗರ ಕೈಗೇ ಬಿಡಬೇಕೆಂದು ಪುಸ್ತಕ ಬರೆದ ರೋಲಂಡ್ ಫಿಲಿಪ್ಸ್ ಎಂಬ ತರುಣ 1916ರಲ್ಲಿ ಸೊಮ್ ರಣರಂಗದಲ್ಲಿ ಸತ್ತ. ಪೂರ್ವ ಲಂಡನ್ನಿನ ಬಡ ಬಡಾವಣೆಯಾದ ಸ್ಟೆಪ್ನಿಯಲ್ಲಿದ್ದ ತನ್ನ ಮನೆಯನ್ನು ಸ್ಕೌಟ್ ಕೆಲಸಕ್ಕೆಂದು ಬಿಟ್ಟುಹೋಗಿದ್ದ.

ದೊಡ್ಡ ಹುಡುಗರಿಗೆ ಬೇರೆ ವ್ಯವಸ್ಥೆ ಬೇಕೆಂಬುದು ಯಾವ ಕಚೇರಿಯಲ್ಲೂ ಹುಟ್ಟಿದ ಯೋಚನೆಯಲ್ಲ. ಯುದ್ಧಕಾಲದ ಕೊರತೆಯಲ್ಲಿ ಹುಡುಗರು ತಾವೇ ಹೊಣೆ ಹೊತ್ತು ತೋರಿಸಿದ ಮೇಲೆ ದೊಡ್ಡವರಿಗೆ ತಿಳಿದದ್ದು. 1917ರಲ್ಲಿ ಸೀನಿಯರ್ ಸ್ಕೌಟ್ ಎಂಬ ಯೋಜನೆ ಬಂತು, 1918ರಲ್ಲಿ ಅದು ರೋವರ್ ಆಯಿತು. ಇತ್ತ ಹುಡುಗಿಯರಲ್ಲೂ ಅದೇ ಹಾದಿ. 1909ರ ಕ್ರಿಸ್ಟಲ್ ಪ್ಯಾಲೇಸ್ ಸಮಾವೇಶಕ್ಕೆ ಯಾರೂ ಕರೆಯದಿದ್ದರೂ ಸ್ಕೌಟ್ ವೇಷದಲ್ಲಿ ಬಂದು ನಿಂತ ಹುಡುಗಿಯರಿಂದಾಗಿ 1910ರಲ್ಲಿ ಗೈಡ್ ಸಂಸ್ಥೆ ಹುಟ್ಟಿತು. ಆ ಹುಡುಗಿಯರೂ ಬೆಳೆದರು. ದೊಡ್ಡವರಾದವರ ವಿಭಾಗಕ್ಕೆ 1920ರಲ್ಲಿ ರೇಂಜರ್ ಎಂಬ ಹೆಸರು ನಿಂತಿತು.

ರೋವರ್‌ಗಳ ಮೊದಲ ಕೆಲಸಗಳಲ್ಲಿ ಒಂದನ್ನು ನಾನು ನಮ್ಮ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಲಂಡನ್ನಿನ ಹೊರವಲಯದ ಗಿಲ್ವೆಲ್ ಎಂಬ ಜಾಗವನ್ನು ಮೆಕ್ಲಾರೆನ್ ಎಂಬ ದಾನಿಯ ದುಡ್ಡಿನಲ್ಲಿ 1919ರಲ್ಲಿ ಸಂಸ್ಥೆ ಕೊಂಡಿತು. ಇವತ್ತು ಜಗತ್ತಿನ ಸ್ಕೌಟ್ ತರಬೇತಿಗೆಲ್ಲ ಅದು ತವರು. ಕೊಂಡಾಗ ಪಾಳುಬಿದ್ದ ಮನೆ, ಮುಳ್ಳು–ಪೊದೆ ಬೆಳೆದ ತೋಟ. ಅದನ್ನು ಚೊಕ್ಕ ಮಾಡಲು ಈಸ್ಟರ್ ಮುಂಚಿನ ಗುರುವಾರ ಪೂರ್ವ ಲಂಡನ್ನಿನ ರೋವರ್ ಹುಡುಗರ ಗುಂಪೊಂದು ಬಂತು. ನೆಲವೆಲ್ಲ ಒದ್ದೆಯಾಗಿ ಗುಡಾರ ಹೊಡೆಯಲು ಆಗಲಿಲ್ಲ. ತೋಟದ ಮಾಲಿಯ ಮುರುಕು ಶೆಡ್ಡಿನಲ್ಲಿ ಮಲಗಿದರು, ಅದಕ್ಕೆ 'ಹಂದಿಗೂಡು' ಎಂದು ಹೆಸರಿಟ್ಟರು. ಆ ಶೆಡ್ಡನ್ನು ಇಂದಿಗೂ ಜೋಪಾನ ಮಾಡಿ ಇಟ್ಟುಕೊಂಡಿದ್ದಾರೆ. ಕಾರ್ಮಿಕರ ಕೇರಿಗಳಿಂದ ಬಂದ ಆ ಹುಡುಗರ ಕೈಗೆ ಸಿಕ್ಕಿದ್ದು ಗುದ್ದಲಿ, ಕತ್ತಿ ಮತ್ತು ಮುಗಿಸಲೇಬೇಕಾದ ಒಂದು ಕೆಲಸ. ಈ ಕಥೆ ಕೇಳುವಾಗ ನಮ್ಮ ಮಕ್ಕಳ ಮುಖ ಅರಳುತ್ತಿತ್ತು.

ಅದೇ ಹೊತ್ತಿನ ಇನ್ನೊಂದು ಪ್ರಸಂಗ. 1921ರಲ್ಲಿ ಧ್ರುವಯಾತ್ರಿ ಶಾಕಲ್ಟನ್ ದಕ್ಷಿಣ ಧ್ರುವದ ಕಡೆಗೆ ಕೊನೆಯ ಯಾತ್ರೆ ಹೊರಟಾಗ ಸ್ಕೌಟ್ ಹುಡುಗನೊಬ್ಬನನ್ನು ಕರೆದೊಯ್ಯುವುದಾಗಿ ಹೇಳಿದರು. ಅರ್ಜಿ ಹಾಕಿದವರು ಸುಮಾರು 1,700. ಆರಿಸಿದ್ದು ಇಬ್ಬರನ್ನು. ಒಬ್ಬ ಕಡಲು ಒಗ್ಗದೆ ಮದೈರಾದಲ್ಲೇ ಇಳಿದು ಊರಿಗೆ ಮರಳಿದ. ಇನ್ನೊಬ್ಬ, ಅಬರ್ಡೀನಿನ ಹದಿನೆಂಟರ ಹುಡುಗ ಜೇಮ್ಸ್ ಮಾರ್, ಹಡಗಿನ ತಳದಲ್ಲಿ ಕಲ್ಲಿದ್ದಲು ಎತ್ತುವುದರಿಂದ ಹಿಡಿದು ಎಲ್ಲ ಕೆಲಸ ಮಾಡಿದ. 1922ರ ಜನವರಿಯಲ್ಲಿ ಶಾಕಲ್ಟನ್ ಸೌತ್ ಜಾರ್ಜಿಯಾದಲ್ಲಿ ತೀರಿಕೊಂಡ ಮೇಲೂ ಯಾತ್ರೆಯಲ್ಲಿ ಉಳಿದ. ಮುಂದೆ ಅವನೇ ಕಡಲ ಜೀವವಿಜ್ಞಾನಿಯಾಗಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದ ಬ್ರಿಟಿಷ್ ತಂಡದ ನಾಯಕನಾದ.

1922ರಲ್ಲಿ ಬೇಡನ್ ಪೊವೆಲ್ ದೊಡ್ಡ ಹುಡುಗರಿಗಾಗಿ 'ರೋವರಿಂಗ್ ಟು ಸಕ್ಸೆಸ್' ಬರೆದರು. ಬದುಕಿನ ಹೊಳೆಯಲ್ಲಿ ತನ್ನ ದೋಣಿಯನ್ನು ತಾನೇ ಹುಟ್ಟು ಹಾಕಿ ಸಾಗುವ ತರುಣನ ಚಿತ್ರ ಅದರಲ್ಲಿದೆ. ದಾರಿಯಲ್ಲಿ ಎದುರಾಗುವ ಬಂಡೆಗಳೆಂದು ಅವರು ಹೆಸರಿಸುವವು ಐದು: ಜೂಜು, ಮದ್ಯ, ಹೆಣ್ಣು, ಬೂಟಾಟಿಕೆಯ ಮುಂದಾಳುಗಳು ಮತ್ತು ನಾಸ್ತಿಕತೆ. ಹೆಣ್ಣನ್ನು ಬಂಡೆಗಳ ಸಾಲಿಗೆ ಸೇರಿಸಿದ್ದನ್ನು ನಾನು ಎಂದೂ ಒಪ್ಪಿಲ್ಲ. ಆ ಕಾಲದ ಗಂಡಸರ ತಿಳಿವಳಿಕೆ ಅಷ್ಟಿತ್ತು ಎನ್ನಬಹುದು, ಆದರೆ ಅದನ್ನು ಇವತ್ತಿನ ಹುಡುಗರಿಗೆ ಹಾಗೆಯೇ ಓದಿಸಬಾರದು. ಹುಟ್ಟು ನಿನ್ನ ಕೈಯಲ್ಲೇ ಇರಲಿ ಎಂಬ ಭಾಗ ಮಾತ್ರ ನೂರು ವರ್ಷದ ಮೇಲೂ ಸವೆದಿಲ್ಲ.

ಆಮೇಲಿನ ಹತ್ತು–ಹದಿನೈದು ವರ್ಷ ರೋವರ್‌ಗಳ ಒಳ್ಳೆಯ ಕಾಲ. ಸ್ವಿಟ್ಜರ್ಲೆಂಡಿನ ಕಾಂಡರ್‌ಸ್ಟೆಗ್ ಎಂಬ ಗುಡ್ಡಗಾಡು ಹಳ್ಳಿಯಲ್ಲಿ ಲೋಟ್ಷ್‌ಬರ್ಗ್ ರೈಲು ಸುರಂಗ ಕೊರೆದ ಕೂಲಿಗಳಿಗಾಗಿ ಕಟ್ಟಿದ್ದ ಮರದ ಕಟ್ಟಡವೊಂದು ಖಾಲಿ ಬಿದ್ದಿತ್ತು. 1923ರಲ್ಲಿ ಅದು ಅಂತರರಾಷ್ಟ್ರೀಯ ಸ್ಕೌಟ್ ಕೇಂದ್ರವಾಯಿತು. 1931ರಲ್ಲಿ ಜಗತ್ತಿನ ಮೊದಲ ರೋವರ್ ಮೂಟ್, ಅಂದರೆ ರೋವರ್‌ಗಳ ಸಮಾವೇಶ, ಸೇರಿದ್ದು ಅಲ್ಲೇ. ಮುಂದೆ ಸ್ವೀಡನ್, ಸ್ಕಾಟ್ಲೆಂಡ್, ನಾರ್ವೆ. 1961ರ ಮೆಲ್ಬರ್ನ್ ಮೂಟ್ ಆದ ಮೇಲೆ ಮುಂದಿನದಕ್ಕೆ 1990ರ ಕೊನೆಯವರೆಗೆ ಕಾಯಬೇಕಾಯಿತು. ನಡುವೆ ಏನಾಯಿತು ಎಂಬುದೇ ಮುಖ್ಯ.

ಬ್ರಿಟನ್ 1946ರಲ್ಲಿ ಹದಿನೈದರಿಂದ ಹದಿನೆಂಟರವರಿಗೆ ಸೀನಿಯರ್ ಸ್ಕೌಟ್ ಎಂಬ ಬೇರೆ ವಿಭಾಗ ಮಾಡಿತು. ರೋವರ್‌ಗೆ ಉಳಿದದ್ದು ಅದರ ಮೇಲಿನವರು. ಹದಿನೆಂಟು ದಾಟಿದ ಗಂಡುಮಕ್ಕಳನ್ನು ಕಡ್ಡಾಯ ಸೈನ್ಯಸೇವೆ ಎಳೆದುಕೊಂಡು ಹೋಗುತ್ತಿತ್ತು. 1960ರವರೆಗೂ ಆ ಕರೆ ನಿಲ್ಲಲಿಲ್ಲ. ಹೊಸಬರು ಬರಲಿಲ್ಲ, ಹಳಬರು ಬಿಡಲಿಲ್ಲ. ಚೀಫ್ ಸ್ಕೌಟ್ ಚಾರ್ಲ್ಸ್ ಮೆಕ್ಲೀನ್ ನೇಮಿಸಿದ ಸಮಿತಿ 1966ರಲ್ಲಿ ವರದಿ ಕೊಟ್ಟಿತು. ಅದರ ಮಾತಿನಂತೆ ಚಡ್ಡಿಯ ಜಾಗಕ್ಕೆ ಪ್ಯಾಂಟು ಬಂತು, ಸಂಸ್ಥೆಯ ಹೆಸರಿನಿಂದ 'ಬಾಯ್' ಹೋಯಿತು, ರೋವರ್ ಮತ್ತು ಸೀನಿಯರ್ ಸ್ಕೌಟ್ ಎರಡೂ ಹೋಗಿ 1967ರಲ್ಲಿ ಹದಿನಾರರಿಂದ ಇಪ್ಪತ್ತರವರೆಗಿನ ವೆಂಚರ್ ಸ್ಕೌಟ್ ವಿಭಾಗ ಬಂತು. ಮನಸ್ಸು ಮುರಿದುಕೊಂಡ ಹಳಬರು ಕೆಲವರು 1970ರಲ್ಲಿ ಬೇರೆ ಸಂಘವನ್ನೇ ಕಟ್ಟಿ ರೋವರ್ ಉಳಿಸಿಕೊಂಡರು.

ವೆಂಚರ್ ವಿಭಾಗವನ್ನು ನಾನು ಮೆಚ್ಚಲು ಒಂದು ಕಾರಣ ಇದೆ. ಅಲ್ಲಿ ಘಟಕ ನಡೆಸುತ್ತಿದ್ದದ್ದು ಮಕ್ಕಳೇ ಆರಿಸಿದ ಸಮಿತಿ. 1976ರಲ್ಲಿ ಬ್ರಿಟನ್ನಿನ ಸ್ಕೌಟ್ ಸಂಸ್ಥೆ ಮೊದಲ ಬಾರಿಗೆ ಹುಡುಗಿಯರಿಗೆ ಬಾಗಿಲು ತೆರೆದದ್ದೂ ಇದೇ ವಿಭಾಗದಲ್ಲಿ. ಕೆಳಗಿನ ವಿಭಾಗಗಳು ತೆರೆಯಲು 1991 ಬರಬೇಕಾಯಿತು. ಅಮೆರಿಕದಲ್ಲೂ ದೊಡ್ಡ ಮಕ್ಕಳ ಎಕ್ಸ್‌ಪ್ಲೋರರ್ ವಿಭಾಗ 1970ರ ದಶಕದ ಆರಂಭದಲ್ಲೇ ಹುಡುಗಿಯರನ್ನು ಸೇರಿಸಿಕೊಂಡಿತ್ತು. ಹೊಸದನ್ನು ಮೊದಲು ಮಾಡಿ ನೋಡುವ ಧೈರ್ಯ ಯಾವಾಗಲೂ ಈ ವಯಸ್ಸಿನವರ ವಿಭಾಗದಿಂದಲೇ ಬಂದಿದೆ. ಕಡೆಗೆ 2002ರ ಹೊತ್ತಿಗೆ ವೆಂಚರ್ ಕೂಡ ಹೋಗಿ, ಹದಿನಾಲ್ಕರಿಂದ ಹದಿನೆಂಟಕ್ಕೆ ಎಕ್ಸ್‌ಪ್ಲೋರರ್, ಅದರ ಮೇಲಿನವರಿಗೆ ನೆಟ್‌ವರ್ಕ್ ಎಂಬ ವಿಭಾಗ ಬಂದವು. ನೂರು ವರ್ಷವೂ ತುಂಬದೆ ಇಷ್ಟು ಸಲ ಒಡೆದು ಕಟ್ಟಿದ್ದು ಇದೊಂದೇ ವಯಸ್ಸಿನ ವಿಭಾಗವನ್ನು. ಸಣ್ಣ ಮಕ್ಕಳ ಕಬ್ ವಿಭಾಗಕ್ಕೆ ಇಂಥ ಗತಿ ಬರಲಿಲ್ಲ. ಹತ್ತು ವರ್ಷದ ಮಗುವಿಗೆ ಏನು ಬೇಕೆಂದು ದೊಡ್ಡವರಿಗೆ ಗೊತ್ತಿದೆ ಅನ್ನಿಸುತ್ತದೆ. ಹದಿನೇಳರ ಹುಡುಗಿಗೆ ಏನು ಬೇಕೆಂದು ಅವಳನ್ನೇ ಕೇಳಬೇಕು. ಕೇಳುವುದು ನಮಗೆ ಕಷ್ಟ.

ಪೋಲೆಂಡಿನ ಮಾತನ್ನೂ ಇಲ್ಲಿ ಹೇಳಲೇಬೇಕು. ನಾಜಿಗಳು ಆಕ್ರಮಿಸಿದ ಮೇಲೆ ಅಲ್ಲಿನ ಸ್ಕೌಟ್‌ಗಳು 'ಬೂದು ಸಾಲು' ಎಂಬ ಗುಪ್ತನಾಮದಲ್ಲಿ ಭೂಗತರಾದರು. ವಯಸ್ಸಿಗೆ ತಕ್ಕಂತೆ ಮೂರು ಪಾಲು. ಹನ್ನೆರಡರಿಂದ ಹದಿನಾಲ್ಕರವರನ್ನು ಹೋರಾಟಕ್ಕೆ ಬಿಡಲಿಲ್ಲ. 1944ರ ವಾರ್ಸಾ ದಂಗೆಯಲ್ಲಿ ಅವರು ಕಾಗದ–ಪತ್ರ ಮುಟ್ಟಿಸಿದರು. ಹದಿನೈದರಿಂದ ಹದಿನೇಳರವರು ಗೋಡೆಗಳ ಮೇಲೆ ಪ್ರತಿರೋಧದ ಲಂಗರಿನ ಗುರುತು ಬರೆದರು, ಕರಪತ್ರ ಹಂಚಿದರು. ಹದಿನೆಂಟು ದಾಟಿದವರು ಬಂದೂಕು ಹಿಡಿದರು. 1943ರ ಮಾರ್ಚ್ 26ರಂದು ವಾರ್ಸಾದ ಬೀದಿಯಲ್ಲಿ ಗೆಸ್ಟಾಪೊ ವಾಹನ ತಡೆದು ಕೈದಿಗಳನ್ನು ಬಿಡಿಸಿದ್ದು ಈ ತರುಣರೇ. ಮಕ್ಕಳ ಪಾಲಿಗೆ ಅಂಥ ಕಾಲ ಎಲ್ಲೂ ಬರಬಾರದು. ಆದರೆ ಸಾವು ಎದುರಿಗಿದ್ದಾಗಲೂ ಯಾವ ವಯಸ್ಸಿಗೆ ಯಾವ ಹೊಣೆ ಎಂದು ಅಷ್ಟು ಎಚ್ಚರದಿಂದ ತೂಗಿ ನೋಡಿದವರು ಅವರು.

ಇನ್ನು ನಮ್ಮ ಕಥೆ. ಭಾರತದಲ್ಲಿ ಮೊದಲ ಸ್ಕೌಟ್ ದಳ ಕಟ್ಟಿದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ, ಕ್ಯಾಪ್ಟನ್ ಟಿ.ಎಚ್. ಬೇಕರ್. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ. ಭಾರತೀಯ ಹುಡುಗರಿಗೆ ಪ್ರವೇಶವಿಲ್ಲ. ಹೊರಗೆ ನಿಂತ ನಮ್ಮವರು ತಮ್ಮದೇ ದಳಗಳನ್ನು ಕಟ್ಟಿಕೊಂಡರು. ಮಧ್ಯಪ್ರಾಂತದಲ್ಲಿ, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರಾದ ವಿವಿಯನ್ ಬೋಸ್. ಮದ್ರಾಸಿನಲ್ಲಿ 1916ರಲ್ಲಿ ಆನಿ ಬೆಸೆಂಟ್ ಮತ್ತು ಅರುಂಡೇಲ್. ಅಲಹಾಬಾದಿನಲ್ಲಿ 1918ರಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ್ ಬಾಜಪೇಯಿ. ಅಲಹಾಬಾದಿನವರ ಸೇವಾ ಸಮಿತಿ ಕುಂಭಮೇಳದ ಜನಜಾತ್ರೆಯಲ್ಲಿ ದುಡಿದು ಬೆಳೆದದ್ದು. ಗುಂಪಿನಲ್ಲಿ ಕಳೆದುಹೋದವರನ್ನು ಹುಡುಕುವುದು, ನದಿಯಲ್ಲಿ ಮುಳುಗುವವರನ್ನು ಎತ್ತುವುದು, ಕಾಯಿಲೆ ಬಿದ್ದವರನ್ನು ಹೊತ್ತು ಸಾಗಿಸುವುದು ಅಲ್ಲಿನ ತರುಣರಿಗೆ ದಿನದ ಕೆಲಸ. 1937ರಲ್ಲಿ ಭಾರತೀಯರ ಚಾರಿತ್ರ್ಯದ ಬಗ್ಗೆ ಬೇಡನ್ ಪೊವೆಲ್ ಹಗುರವಾಗಿ ಬರೆದದ್ದು ಇಲ್ಲಿ ಸಿಟ್ಟೆಬ್ಬಿಸಿತು. ಅನೇಕರು ಹೊರಬಂದರು, 1938ರಲ್ಲಿ ಹಿಂದುಸ್ತಾನ್ ಸ್ಕೌಟ್ ಸಂಘ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಸ್ಕೌಟ್ ಸಂಘಗಳೆಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮರುವರ್ಷ ಆಗಸ್ಟ್ 15ರಂದು ಗರ್ಲ್ ಗೈಡ್ ಸಂಘವೂ ಸೇರಿತು. ಕುಂಜ್ರು ಮೊದಲ ರಾಷ್ಟ್ರೀಯ ಆಯುಕ್ತರಾದರು. ನಮ್ಮ ರೋವರ್–ರೇಂಜರ್‌ಗಳ ಧ್ಯೇಯ ಸೇವೆ. ಅದು ಬ್ರಿಟನ್ನಿನಿಂದ ಬಂದದ್ದು ನಿಜ, ಆದರೆ ಬರುವ ಹೊತ್ತಿಗೆ ಸೇವಾ ಸಮಿತಿಯ ಹುಡುಗರು ಇಲ್ಲಿ ಅದನ್ನು ಮಾಡುತ್ತಲೇ ಇದ್ದರು.

ಕರ್ನಾಟಕದಲ್ಲಿ ಈ ಚಳವಳಿಯ ಜೊತೆ ಬೆಸೆದುಕೊಂಡ ಹೆಸರು ಕೊಂಡಜ್ಜಿ ಬಸಪ್ಪನವರದು. ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಸ್ಕೌಟ್ ಸಭಾಂಗಣಕ್ಕೆ ಅವರದೇ ಹೆಸರು. ದಾವಣಗೆರೆಯವರಿಗೆ ಕೊಂಡಜ್ಜಿ ಎಂದರೆ ಕೆರೆ, ಗುಡ್ಡ ಮತ್ತು ಸ್ಕೌಟ್ ಶಿಬಿರತಾಣ. ನಮ್ಮ ಕಾಲೇಜಿನ ಹುಡುಗಿಯರು ಮನೆ ಬಿಟ್ಟು ಹೊರಗೆ ರಾತ್ರಿ ಕಳೆದದ್ದು ಹೆಚ್ಚಿನವರ ಪಾಲಿಗೆ ಅಲ್ಲೇ ಮೊದಲು. ಅದಕ್ಕೆ ಒಪ್ಪಿಗೆ ಪಡೆಯಲು ನಾನು ಮನೆ ಮನೆ ಹತ್ತಿದ್ದೇನೆ. ಅಕ್ಕಿ ಗಿರಣಿಯಲ್ಲಿ ದುಡಿಯುವ ಒಬ್ಬ ತಂದೆ ಬಾಗಿಲಲ್ಲೇ ನಿಂತು, "ಮೇಡಂ, ನೀವು ಬಂದು ಕೇಳ್ತೀರಿ ಅಂದ್ರೆ ಇಲ್ಲ ಅನ್ನಾಕೆ ಬಾಯಿ ಬರಂಗಿಲ್ಲ. ಆದ್ರೆ ರಾತ್ರಿ ಅಂತೀರಲ್ರಿ" ಎಂದರು. ಒಳಗಿಂದ ಅಜ್ಜಿಯ ದನಿ ಬಂತು: "ನನ್ನ ಮದ್ವಿ ಆದಾಗ ನಂಗೆ ಇದಕ್ಕಿಂತ ಸಣ್ಣ ವಯಸ್ಸು. ಕಾಣದ ಮನಿಗೆ ಕಳಿಸ್ಲಿಲ್ಲೇನು? ಹೋಗ್ಬರ್ಲಿ ಬಿಡಪ್ಪ." ಅಪ್ಪ ಏನೂ ಹೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು.

ರೋವರ್, ರೇಂಜರ್ ಆಗಿ ದೀಕ್ಷೆ ಪಡೆಯುವ ಮುಂಚೆ ವಿಜಿಲ್ ಎಂಬ ಪದ್ಧತಿ ಇದೆ. ದೀಕ್ಷೆಗೆ ಮೊದಲು ಮಕ್ಕಳು ಒಬ್ಬೊಬ್ಬರೇ ಕೂತು ತಮ್ಮ ಬದುಕಿನ ಬಗ್ಗೆ ಕೆಲವು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಉತ್ತರವನ್ನು ಯಾರಿಗೂ ಒಪ್ಪಿಸಬೇಕಿಲ್ಲ. ಕೊಂಡಜ್ಜಿ ಕೆರೆಯ ಕಡೆ ಮುಖ ಮಾಡಿ, ಹೊದಿಕೆ ಸುತ್ತಿಕೊಂಡು ಹುಡುಗಿಯರು ಅಷ್ಟಷ್ಟು ದೂರ ಕೂರುತ್ತಿದ್ದರು. ಎಲ್ಲರೂ ಕಣ್ಣಿಗೆ ಬೀಳುವಂತೆ ನಾನು ಹಿಂದೆ ಇರುತ್ತಿದ್ದೆ. ಪಿಯುಸಿಯ ಎರಡು ವರ್ಷದಲ್ಲಿ ಆ ಮಕ್ಕಳಿಗೆ ಸಾವಿರಾರು ಪ್ರಶ್ನೆಗಳು ಬರುತ್ತವೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಒಂದು ಸರಿ ಉತ್ತರ, ಕೊನೆಗೊಂದು ರ‍್ಯಾಂಕ್. ರ‍್ಯಾಂಕ್ ಇಲ್ಲದ ಪ್ರಶ್ನೆಯನ್ನು ಅವರ ಮುಂದೆ ಇಟ್ಟ ಜಾಗ ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ.

ಕೆಲಸ ಎಂದರೇನು ಎಂಬುದಕ್ಕೆ ದುಗ್ಗಮ್ಮನ ಜಾತ್ರೆಯದೊಂದು ಪ್ರಸಂಗ ಹೇಳಬೇಕು. ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ನಡೆಯುವ ಈ ಜಾತ್ರೆಗೆ ಸುತ್ತಲ ಹಳ್ಳಿಗಳೆಲ್ಲ ಬಂದಿಳಿಯುತ್ತವೆ. ಒಂದು ಸಲ ನಮ್ಮ ರೋವರ್–ರೇಂಜರ್‌ಗಳಿಗೆ ತಪ್ಪಿಸಿಕೊಂಡ ಮಕ್ಕಳನ್ನು ನೋಡಿಕೊಳ್ಳುವ ಶಾಮಿಯಾನ ಸಿಕ್ಕಿತು. ಜಾತ್ರೆಗೆ ಮುಂಚೆ ಅವರೇ ಕೂತು ನಿಯಮ ಬರೆದುಕೊಂಡರು. ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಬಾರದು; ಕೂಗಿದರೆ ಯಾರು ಬೇಕಾದರೂ ಬಂದು ಆ ಹೆಸರು ಹೇಳಬಹುದು. ಬಟ್ಟೆಯ ಬಣ್ಣದಲ್ಲಿ ಒಂದನ್ನು ಹೇಳಿ ಒಂದನ್ನು ಮುಚ್ಚಿಡಬೇಕು. ಕರೆದೊಯ್ಯಲು ಬಂದವರನ್ನು ಮಗುವಿನಿಂದ ತಿಳಿದ ಒಂದು ವಿಷಯ ಕೇಳಲೇಬೇಕು. ಇವೆಲ್ಲ ನಮಗೆ, ಅಧ್ಯಾಪಕರಿಗೆ, ಹೊಳೆದಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ನಾಲ್ಕು ವರ್ಷದ ಗಂಡುಮಗುವೊಂದನ್ನು ಯಾರೋ ತಂದು ಬಿಟ್ಟರು. ಕೈಯಲ್ಲಿ ಪೀಪಿ, ಮುಖವೆಲ್ಲ ಕಣ್ಣೀರು, ಸಿಂಬಳ. ಹೆಸರು ಕೇಳಿದಷ್ಟೂ ಅಳು ಜೋರಾಯಿತು. ನಿಟ್ಟುವಳ್ಳಿಯ ಒಬ್ಬ ಹುಡುಗಿ ಕುರ್ಚಿ ಬಿಟ್ಟು ನೆಲಕ್ಕೆ ಕೂತಳು. ತನ್ನ ಸ್ಕಾರ್ಫ್ ಬಿಚ್ಚಿ ಅದರ ತುದಿಗೆ ಗಂಟು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಮಾಡುತ್ತ ಇದ್ದಳು. ಮಗು ನೋಡತೊಡಗಿತು. "ನಿಮ್ಮನ್ಯಾಗೆ ಎಮ್ಮಿ ಐತೋ, ಆಕಳ ಐತೋ?" ಅಂದಳು. "ಎಮ್ಮಿ." "ಹಾಲು ಯಾರು ಹಿಂಡ್ತಾರೆ?" "ಅಜ್ಜಿ." "ಎಮ್ಮಿ ಹೆಸರೇನು?" "ಕೆಂಚಿ." ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಏದುಸಿರು ಬಿಡುತ್ತ ಬಂದು ಮಗುವನ್ನು ಬಾಚಿ ಎತ್ತಿಕೊಳ್ಳಲು ಹೋದರು. ಕಾವಲಿಗಿದ್ದ ಪೊಲೀಸಿನವರು, "ಕೊಡವ್ವ, ಅಜ್ಜಿ ಮುಖ ನೋಡಿದ್ರೆ ಗೊತ್ತಾಗಂಗಿಲ್ಲೇನು" ಅಂದರು. ಹುಡುಗಿ ಮೆಲ್ಲಗೆ, "ಒಂದೇ ನಿಮಿಷ ಸರ್" ಎಂದು ಅಜ್ಜಿಯ ಕಡೆ ತಿರುಗಿ, "ಅಜ್ಜಿ, ನಿಮ್ಮನಿ ಎಮ್ಮಿ ಹೆಸರೇನು?" ಎಂದು ಕೇಳಿದಳು. ಆ ಗಾಬರಿಯಲ್ಲೂ ಅಜ್ಜಿಗೆ ನಗು ಬಂತು. "ಕೆಂಚಿ ಕಣವ್ವ, ನನ್ ತಾಯಿ." ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆಯೇ ಮಗುವನ್ನು ಕೊಟ್ಟದ್ದು. ಪೊಲೀಸಿನವರು ಆ ನಿಯಮಗಳ ಹಾಳೆಯನ್ನು ತಮಗೂ ಒಂದು ಪ್ರತಿ ಬೇಕೆಂದು ಕೇಳಿ ಪಡೆದರು.

ಇಂಥ ಹುಡುಗಿಯನ್ನು ಶಾಲಿನ ತಟ್ಟೆ ಹಿಡಿದು ನಿಲ್ಲಲು ಕರೆಯುತ್ತೇವೆ.

ಹೀಗಾದದ್ದಕ್ಕೆ ಕಾರಣಗಳು ಗೊತ್ತಿರುವವೇ. 1948ರ ಕಾಯ್ದೆಯಿಂದ ಎನ್‌ಸಿಸಿ ಬಂತು. 1969ರ ಸೆಪ್ಟೆಂಬರ್ 24ರಂದು ಎನ್‌ಎಸ್‌ಎಸ್ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಎರಡೂ ಒಳ್ಳೆಯವು, ಎರಡಕ್ಕೂ ಸರ್ಕಾರದ ಬೆನ್ನಾಸರೆ ಇದೆ. ರೋವರ್–ರೇಂಜರ್‌ಗೆ ಹೆಚ್ಚಿನ ಕಡೆ ಇರುವುದು ಒಬ್ಬಿಬ್ಬರು ಅಧ್ಯಾಪಕರ ಆಸ್ಥೆ. ಆ ಅಧ್ಯಾಪಕರಿಗೆ ವರ್ಗವಾದರೆ ತಂಡವೂ ಮುಗಿಯಿತು. ಅದಕ್ಕಿಂತ ದೊಡ್ಡ ಹೊಡೆತ ಇಂಟಿಗ್ರೇಟೆಡ್ ಕೋಚಿಂಗ್‌ನದು. ಬೆಳಿಗ್ಗೆ ಏಳಕ್ಕೆ ಹೊರಟ ಮಗು ರಾತ್ರಿ ಎಂಟಕ್ಕೆ ಮನೆ ಸೇರುತ್ತದೆ, ಭಾನುವಾರ ಟೆಸ್ಟ್. ಶಾಲೆಯಲ್ಲಿ ರಾಜ್ಯ ಪುರಸ್ಕಾರ ಪಡೆದು ಬಂದ ಎಷ್ಟೋ ಮಕ್ಕಳು ಪಿಯುಸಿಗೆ ಸೇರಿದ ದಿನವೇ ಸಮವಸ್ತ್ರ ತಂಗಿಗೋ ತಮ್ಮನಿಗೋ ಕೊಟ್ಟುಬಿಡುತ್ತಾರೆ. ಮುಂದೆ ಪ್ರವೀಣ್, ನಿಪುಣ್, ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲುಗಳಿವೆ ಎಂದರೆ, ಅದಕ್ಕೆ ಸಿಇಟಿಯಲ್ಲಿ ಏನು ಸಿಗುತ್ತದೆ ಎಂದು ಪೋಷಕರು ಕೇಳುತ್ತಾರೆ. ಅವರನ್ನು ದೂರಲಾರೆ. ಮೆಟ್ಟಿಲು ಹತ್ತಿಸುವ ಭರದಲ್ಲಿ ಸರ್ಟಿಫಿಕೇಟೇ ಗುರಿಯೆಂದು ಅವರಿಗೆ ತೋರಿಸಿಕೊಟ್ಟವರು ಸಂಸ್ಥೆಯವರೇ. ಬರೆಯದ ಲಾಗ್ ಪುಸ್ತಕಗಳನ್ನು ಪರೀಕ್ಷಾ ಶಿಬಿರಕ್ಕೆ ಎರಡು ದಿನ ಮುಂಚೆ ಸಾಲಾಗಿ ಕೂತು ನಕಲು ಮಾಡುವುದನ್ನು ನಾನು ಶಿಬಿರಗಳಲ್ಲಿ ಕಂಡಿದ್ದೇನೆ.

ದುಡ್ಡಿನ ವಿಷಯವೂ ಇದೆ. ನಮ್ಮ ತಂಡದ ಹುಡುಗಿಯರು ಹಳೆ ಪೇಪರ್ ಸೇರಿಸಿ ಮಾರಿ, ಕಾಲೇಜು ಮೇಳದಲ್ಲಿ ಮಂಡಕ್ಕಿ–ಮೆಣಸಿನಕಾಯಿ ಅಂಗಡಿ ಹಾಕಿ ಒಂದಿಷ್ಟು ಗಂಟು ಮಾಡಿದ್ದರು. ಖಜಾಂಚಿ ಹುಡುಗಿ ಪ್ರತಿ ವಾರ ಎಲ್ಲರ ಮುಂದೆ ಲೆಕ್ಕ ಓದುತ್ತಿದ್ದಳು. ಮೇಲಿನವರು ಅದು ಕಾಲೇಜಿನ ಸಾಮಾನ್ಯ ಖಾತೆಗೆ ಕಟ್ಟಬೇಕೆಂದರು. ಕಟ್ಟಿದ ಮೇಲೆ ಟೆಂಟಿನ ಹಗ್ಗ ಕೊಳ್ಳಲು ಮೂರು ಸಹಿ ಬೇಕಾಯಿತು. ಸಹಿ ಬರುವ ಹೊತ್ತಿಗೆ ಶಿಬಿರವೇ ಮುಗಿದಿತ್ತು. ಮುಂದಿನ ವರ್ಷ ಯಾರೂ ಮೆಣಸಿನಕಾಯಿ ಅಂಗಡಿ ಹಾಕಲಿಲ್ಲ. ಹಣಕಾಸಿಗೆ ತಪಾಸಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಿಂಗಳಿಗೊಮ್ಮೆ ಅಧ್ಯಾಪಕರು ಲೆಕ್ಕದ ಪುಸ್ತಕ ನೋಡಿ ಸಹಿ ಹಾಕಲಿ. ಚೀಲ ಮಾತ್ರ ಮಕ್ಕಳ ಬಳಿಯೇ ಇರಲಿ.

ರೋವರ್ ಮತ್ತು ರೇಂಜರ್ ತಂಡಗಳು ಕೂಡಿ ಕೆಲಸ ಮಾಡಲು ಬಿಡಬೇಕು ಎಂಬುದು ನನ್ನ ಇನ್ನೊಂದು ಒತ್ತಾಯ. ಬ್ರಿಟನ್ 1976ರಲ್ಲಿ ಮಾಡಿದ್ದನ್ನು ನಾವು ಹಾಗೇ ನಕಲು ಮಾಡಬೇಕಿಲ್ಲ. ತಂಡಗಳು ಬೇರೆಯೇ ಇರಲಿ, ರಾತ್ರಿ ಶಿಬಿರಕ್ಕೆ ಹೆಣ್ಣುಮಕ್ಕಳ ಜೊತೆ ತರಬೇತಾದ ಮಹಿಳಾ ನಾಯಕಿ ಇರಲೇಬೇಕು. ಆದರೆ ಜಾತ್ರೆ, ರಕ್ತದಾನ, ನೆರೆ ಬಂದಾಗಿನ ಕೆಲಸಗಳಲ್ಲಿ ಹುಡುಗ–ಹುಡುಗಿಯರು ಒಂದೇ ಮೇಜಿನಲ್ಲಿ ಕೂತು ಯೋಜನೆ ಮಾಡಲಿ. ತುಂಗಭದ್ರೆ ಉಕ್ಕಿ ಹರಿಹರದ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಕಾಳಜಿ ಕೇಂದ್ರದಲ್ಲಿ ಮಕ್ಕಳ ಹಾಲಿನ ಲೆಕ್ಕ ಇಡಲು ಯಾರು ಬೇಕು? ಹದಿನೇಳರವರು ಸಾಕು. ಅದನ್ನು ಅವರಿಗೆ ಜೂನ್‌ನಲ್ಲೇ ಹೇಳಿ, ಅಭ್ಯಾಸ ಮಾಡಿಸಿ, ತಹಶೀಲ್ದಾರರ ಪಟ್ಟಿಯಲ್ಲಿ ಅವರ ಹೆಸರು ಇಡಬೇಕು.

ಕಾಲೇಜಿನ ಹೊರಗಿರುವವರನ್ನು ಮರೆಯುವುದು ಬೇಡ. ರೋವರ್ ವಯಸ್ಸಿನ ಎಷ್ಟೋ ಮಕ್ಕಳು ಐಟಿಐಯಲ್ಲಿದ್ದಾರೆ, ಗ್ಯಾರೇಜಿನಲ್ಲಿದ್ದಾರೆ, ಬಟ್ಟೆ ಅಂಗಡಿಯ ಕೌಂಟರಿನಲ್ಲಿದ್ದಾರೆ, ಹೋಟೆಲಿನಲ್ಲಿ ಬೆಣ್ಣೆ ದೋಸೆಯ ಕಾವಲಿ ಮುಂದೆ ನಿಂತಿದ್ದಾರೆ. ಗಿಲ್ವೆಲ್‌ನ ಶೆಡ್ಡಿನಲ್ಲಿ ಮಲಗಿದ ಪೂರ್ವ ಲಂಡನ್ನಿನ ಹುಡುಗರು ಇಂಥವರೇ. ಸಂಸ್ಥೆಯ ನಿಯಮದಲ್ಲಿ ಶಾಲೆ–ಕಾಲೇಜಿಗೆ ಸೇರದ ಮುಕ್ತ ತಂಡಗಳಿಗೆ ಅವಕಾಶ ಇದೆ. ಆದರೂ ತಾಲ್ಲೂಕು ಕೇಂದ್ರಗಳಲ್ಲಿ ಅಂಥದ್ದು ಕಾಣಸಿಗುವುದು ಅಪರೂಪ. ಅವರಿಗೆ ಬೇಕಿರುವುದು ಕೆಲಸ ಮುಗಿದ ಮೇಲಿನ ಒಂದು ಸಂಜೆ, ಬೀಗದ ಕೈ ಅವರ ಹತ್ತಿರವೇ ಇರುವ ಒಂದು ಕೋಣೆ, ಕೂತು ಮಾತು ಕೇಳಿಸಿಕೊಳ್ಳುವ ಒಬ್ಬ ಹಿರಿಯರು. ಸ್ಕೌಟ್ ಜಿಲ್ಲಾ ಸಂಸ್ಥೆಗಳು ಈ ವರ್ಷ ತಾಲ್ಲೂಕಿಗೊಂದರಂತೆ ಇದನ್ನು ಶುರು ಮಾಡಲಿ. ಪಿಯು ಕಾಲೇಜುಗಳು ಶನಿವಾರ ಮಧ್ಯಾಹ್ನವನ್ನು ವೇಳಾಪಟ್ಟಿಯಲ್ಲಿ ಖಾಲಿ ಬಿಡಲಿ. ಅದಕ್ಕೆ ಹೊಸ ಅನುದಾನ ಬೇಕಿಲ್ಲ. ಪ್ರಾಂಶುಪಾಲರು ವೇಳಾಪಟ್ಟಿಗೆ ಸಹಿ ಹಾಕುವಾಗ ಅಲ್ಲಿ ಇನ್ನೊಂದು ಕೋಚಿಂಗ್ ತರಗತಿ ತುಂಬಿಸದಿದ್ದರೆ ಆಯಿತು.